ಐಪೀಸ್‌ಗೆ 158 ಡಾಲರ್ ಕಟ್ಟಿದ ಮೇಲೂ 5,465 ರೂ. ಕೊರಿಯರ್ ಬಿಲ್: ಇದರಲ್ಲಿ ಸುಂಕ ಎಷ್ಟು, ಅವರ ಫೀ ಎಷ್ಟು?

ತಾರಾಬಲ_ಮೈಸೂರು ಕೇಳಿದ ಪ್ರಶ್ನೆ:

ಅಮೆರಿಕದ ಅಂಗಡಿಯೊಂದರಿಂದ ಟೆಲಿಸ್ಕೋಪಿನ ಐಪೀಸ್ ತರಿಸಿದ್ದೇನೆ. ಬೆಲೆ 120 ಡಾಲರ್, ಎಕ್ಸ್‌ಪ್ರೆಸ್ ಶಿಪ್ಪಿಂಗ್ 38 ಡಾಲರ್. ಎರಡನ್ನೂ ಚೆಕ್‌ಔಟ್‌ನಲ್ಲೇ ಕಟ್ಟಿಯಾಗಿತ್ತು. ಪಾರ್ಸೆಲ್ ಬೆಂಗಳೂರಿಗೆ ಬಂದ ಮೇಲೆ ಕೊರಿಯರ್‌ನವರು ಕಳಿಸಿದ ಬಿಲ್ ಹೀಗಿದೆ:

ಅಸೆಸಬಲ್ ವ್ಯಾಲ್ಯೂ, ಅಂದರೆ ಸುಂಕಕ್ಕೆ ಹಿಡಿಯುವ ಮೌಲ್ಯ 14,023 (ಡಾಲರ್‌ಗೆ 88 ರೂ. ಲೆಕ್ಕ)
ಬಿಸಿಡಿ (ಮೂಲ ಕಸ್ಟಮ್ಸ್ ಸುಂಕ) ಶೇ. 10: 1,402
ಎಸ್‌ಡಬ್ಲ್ಯೂಎಸ್ (ಸಮಾಜ ಕಲ್ಯಾಣ ಮೇಲ್ತೆರಿಗೆ): 140
ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಶೇ. 18: 2,802
ಡಿಸ್ಬರ್ಸ್‌ಮೆಂಟ್ ಫೀ: 950
ಅದರ ಮೇಲೆ ಜಿಎಸ್‌ಟಿ: 171
ಒಟ್ಟು: 5,465 ರೂ.

120 ಡಾಲರ್ ಅಂದರೆ 10,560 ರೂ. ಆಗಬೇಕು, 14,023 ಹೇಗಾಯಿತು? ಡಿಸ್ಬರ್ಸ್‌ಮೆಂಟ್ ಫೀ ಸರ್ಕಾರಕ್ಕೆ ಹೋಗುತ್ತದೋ ಕೊರಿಯರ್‌ನವರಿಗೋ? ಮುಂದಿನ ತಿಂಗಳು ಒಂದು ಫಿಲ್ಟರ್ ತರಿಸಬೇಕಿದೆ, ಅದಕ್ಕೆ ಯಾವ ಶಿಪ್ಪಿಂಗ್ ಆರಿಸಿದರೆ ಒಳ್ಳೆಯದು?

ಸುಂಕದಕಟ್ಟೆ:

ಮೊದಲು 14,023ರ ಲೆಕ್ಕ. ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಅದು ಭಾರತ ತಲುಪುವವರೆಗಿನ ಸಾಗಣೆ ಮತ್ತು ವಿಮೆಯನ್ನೂ ಸೇರಿಸಿಕೊಂಡು. ವಿಮೆಯ ಮೊತ್ತ ಇನ್‌ವಾಯ್ಸ್‌ನಲ್ಲಿ ಇಲ್ಲದಿದ್ದರೆ ಬೆಲೆಯ ಶೇ. 1.125 ಎಂದು ಹಿಡಿಯುತ್ತಾರೆ, ನಿಮ್ಮದರಲ್ಲಿ 1.35 ಡಾಲರ್. 120 + 38 + 1.35 = 159.35 ಡಾಲರ್. ಅದನ್ನು 88ರಿಂದ ಗುಣಿಸಿದರೆ 14,023.

ತಪ್ಪಿರುವುದು ಇಲ್ಲೇ. 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳಲ್ಲಿ 10ನೇ ನಿಯಮ ನೋಡಿ: ವಿಮಾನದಲ್ಲಿ ಬಂದ ಸರಕಿಗೆ ನೀವು ಎಷ್ಟೇ ಶಿಪ್ಪಿಂಗ್ ಕೊಟ್ಟಿರಲಿ, ಮೌಲ್ಯಕ್ಕೆ ಸೇರಿಸುವ ಸಾಗಣೆ ವೆಚ್ಚ ವಸ್ತುವಿನ ಬೆಲೆಯ ಶೇ. 20 ದಾಟುವಂತಿಲ್ಲ. 120ರ ಶೇ. 20 ಅಂದರೆ 24 ಡಾಲರ್. ಅವರು ಪೂರಾ 38 ಸೇರಿಸಿದ್ದಾರೆ. ಸರಿಯಾದ ಲೆಕ್ಕ:

120 + 24 + 1.35 = 145.35 ಡಾಲರ್, ಅಂದರೆ 12,791 ರೂ.
ಬಿಸಿಡಿ 1,279. ಎಸ್‌ಡಬ್ಲ್ಯೂಎಸ್, ಅಂದರೆ ಬಿಸಿಡಿಯ ಶೇ. 10, 128. ಈ ಮೂರನ್ನೂ ಕೂಡಿ ಬಂದದ್ದರ ಮೇಲೆ ಐಜಿಎಸ್‌ಟಿ ಶೇ. 18, 2,556.
ಒಟ್ಟು 3,963.

ನಿಮ್ಮಿಂದ ಕೇಳಿರುವುದು 4,344. ವ್ಯತ್ಯಾಸ 381 ರೂ. ಹಗುರವಾದ, ಅಗ್ಗದ ವಸ್ತುವಿಗೆ ದುಬಾರಿ ಶಿಪ್ಪಿಂಗ್ ಕೊಟ್ಟಾಗ ಈ ತಪ್ಪು ದೊಡ್ಡದಾಗುತ್ತದೆ. 30 ಡಾಲರ್ ವಸ್ತುವಿಗೆ 45 ಡಾಲರ್ ಶಿಪ್ಪಿಂಗ್ ಆದರೆ ಸೇರಬೇಕಾದ್ದು 6 ಡಾಲರ್ ಮಾತ್ರ. ಮೂಗಿಗಿಂತ ಮೂಗುತಿ ಭಾರವಾಗದಿರಲಿ ಎಂದೇ ಆ ಮಿತಿ ಇಟ್ಟಿರುವುದು, ಆದರೆ ಬಿಲ್ ತಯಾರಿಸುವವರು ಇನ್‌ವಾಯ್ಸ್‌ನ ಕೊನೆಯ ಮೊತ್ತವನ್ನು ಹಾಗೇ ಎತ್ತಿ ಹಾಕುವುದು ಹೆಚ್ಚು.

ನಿಮ್ಮ ತರಹ ಬಿಸಿಡಿ 10, ಐಜಿಎಸ್‌ಟಿ 18 ಇರುವ ವಸ್ತುವಿಗೆ ಒಟ್ಟು ಶೇ. 30.98 ಎಂದು ನೆನಪಿಟ್ಟುಕೊಳ್ಳಿ, ಪ್ರತಿಸಲ ಬಿಡಿಬಿಡಿಯಾಗಿ ಲೆಕ್ಕ ಹಾಕಬೇಕಿಲ್ಲ. ಡಾಲರ್ ದರವೂ ನಿಮ್ಮ ಕಾರ್ಡಿನ ದರವಲ್ಲ, ಕಸ್ಟಮ್ಸ್ ಇಲಾಖೆ ಆಗಾಗ ಪ್ರಕಟಿಸುವ ಆಮದು ದರ. ಒಂದೆರಡು ರೂಪಾಯಿ ಆಚೆಈಚೆ ಇದ್ದರೆ ಅದು ತಪ್ಪಲ್ಲ.

ಡಿಸ್ಬರ್ಸ್‌ಮೆಂಟ್ ಫೀ ಪೂರ್ತಿ ಕೊರಿಯರ್‌ನವರದು. ಪಾರ್ಸೆಲ್ ನಿಲ್ಲಬಾರದೆಂದು ಸುಂಕವನ್ನು ತಮ್ಮ ಖಾತೆಯಿಂದ ಮೊದಲೇ ಸರ್ಕಾರಕ್ಕೆ ಕಟ್ಟಿ, ಆಮೇಲೆ ನಿಮ್ಮಿಂದ ವಸೂಲು ಮಾಡುತ್ತಾರೆ. ಹಾಗೆ ಕೈಯಿಂದ ಹಾಕಿದ್ದಕ್ಕೆ ಈ ಫೀ. ಸಾಮಾನ್ಯವಾಗಿ ಸುಂಕದ ಇಷ್ಟು ಶೇಕಡಾ ಅಥವಾ ಇಷ್ಟು ಕನಿಷ್ಠ ಮೊತ್ತ, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಸುಂಕ 300 ರೂ. ಇದ್ದು ಫೀ 900 ಆಗುವುದು ಆ ಕನಿಷ್ಠ ಮೊತ್ತದಿಂದಲೇ. ಅದು ಸೇವೆಯಾದ್ದರಿಂದ ಮೇಲೆ ಶೇ. 18 ಜಿಎಸ್‌ಟಿ.

ತಾರಾಬಲ_ಮೈಸೂರು:

ಆ 381 ವಾಪಸ್ ಕೇಳಬಹುದಾ? ಇನ್ನೊಂದು: ಅಂಗಡಿಯವರು "ಮುಂದಿನ ಸಲ ಗಿಫ್ಟ್ ಅಂತ ಬರೆದು 20 ಡಾಲರ್ ಹಾಕುತ್ತೇವೆ" ಅಂದಿದ್ದಾರೆ.

ಸುಂಕದಕಟ್ಟೆ:

ಕಸ್ಟಮ್ಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಂದು ವರ್ಷದೊಳಗೆ ರಿಫಂಡ್ ಕೇಳಲು ಅವಕಾಶ ಇದೆ. ಆದರೆ ಮೊದಲು ಅಸೆಸ್‌ಮೆಂಟ್ ಅನ್ನೇ, ಅಂದರೆ ಸುಂಕ ನಿಗದಿಯನ್ನೇ ತಿದ್ದಿಸಬೇಕು, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. 381 ರೂಪಾಯಿಗೆ ಅಷ್ಟು ಅಲೆದಾಟ ಬೇಡ ಎಂಬುದು ನನ್ನ ಅಭಿಪ್ರಾಯ. ಕೊರಿಯರ್‌ನವರು ಕಸ್ಟಮ್ಸ್‌ಗೆ ಫೈಲ್ ಮಾಡುವ ಮೊದಲೇ ತಪ್ಪು ಹಿಡಿಯುವುದು ಸುಲಭ. ಪಾರ್ಸೆಲ್ ಹೊರಟ ದಿನವೇ ಕೊರಿಯರ್‌ನ ಕ್ಲಿಯರೆನ್ಸ್ ವಿಭಾಗಕ್ಕೆ ಮೇಲ್ ಹಾಕಿ: ಏರ್‌ವೇ ಬಿಲ್ ನಂಬರ್ (ಪಾರ್ಸೆಲ್‌ನ ಟ್ರ್ಯಾಕಿಂಗ್ ನಂಬರ್), ಇನ್‌ವಾಯ್ಸ್, ಕಾರ್ಡ್ ಸ್ಟೇಟ್‌ಮೆಂಟಿನ ಆ ಸಾಲು, ವಸ್ತುವಿನ ಎಂಟಂಕಿಯ ಎಚ್‌ಎಸ್ ಕೋಡ್ (ಸುಂಕದ ದರ ತಿಳಿಸುವ ವರ್ಗ ಸಂಖ್ಯೆ), ಜೊತೆಗೆ "ಸಾಗಣೆ ವೆಚ್ಚವನ್ನು ಬೆಲೆಯ ಶೇ. 20ಕ್ಕೆ ಮಿತಿಗೊಳಿಸಿ" ಎಂಬ ಒಂದು ವಾಕ್ಯ. ಕ್ಲಿಯರ್ ಆದ ಮೇಲೆ ಕೊರಿಯರ್ ಬಿಲ್ ಆಫ್ ಎಂಟ್ರಿಯ, ಅಂದರೆ ಅವರು ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು ಘೋಷಣೆಯ ಪ್ರತಿ ಕೇಳಿ ಪಡೆಯಿರಿ. ಯಾವ ಕೋಡ್ ಹಾಕಿದ್ದಾರೆ, ಯಾವ ಮೌಲ್ಯ ತೋರಿಸಿದ್ದಾರೆ ಎಂಬುದು ಗೊತ್ತಾಗುವುದು ಅದರಲ್ಲೇ, ಅವರು ಕಳಿಸುವ ಇನ್‌ವಾಯ್ಸ್‌ನಲ್ಲಿ ಅಲ್ಲ.

ಗಿಫ್ಟ್ ವಿಷಯಕ್ಕೆ ಕೈ ಹಾಕಬೇಡಿ. 5,000 ರೂ. ಒಳಗಿನ ಉಡುಗೊರೆಗೆ ಸುಂಕವಿಲ್ಲ ಎಂಬುದು ಹಳೆಯ ಮಾತು. 2019ರ ಡಿಸೆಂಬರ್‌ನಿಂದ ಆ ವಿನಾಯಿತಿ ಉಳಿದಿರುವುದು ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ. ಹಾಗಾಗಿ ಗಿಫ್ಟ್ ಎಂದು ಬರೆದರೂ ಸುಂಕ ತಪ್ಪುವುದಿಲ್ಲ. 120 ಡಾಲರ್ ವಸ್ತುವಿಗೆ 20 ಎಂದು ಬರೆದರೆ ಅಧಿಕಾರಿ ಪೇಮೆಂಟ್ ಪುರಾವೆ ಕೇಳುತ್ತಾರೆ, ಪಾರ್ಸೆಲ್ ನಿಲ್ಲುತ್ತದೆ, ಮುಟ್ಟುಗೋಲು ಮತ್ತು ದಂಡಕ್ಕೂ ದಾರಿಯಾಗುತ್ತದೆ. ಸಾಗಣೆಯಲ್ಲಿ ಗಾಜು ಒಡೆದರೆ ವಿಮೆಯವರು ಕೊಡುವುದೂ ಆ 20 ಡಾಲರ್‌ಗೇ.

ಅಂಚೆಪೆಟ್ಟಿಗೆ:

ಶಿಪ್ಪಿಂಗ್ ಆಯ್ಕೆಯ ಬಗ್ಗೆ. ಚೆಕ್‌ಔಟ್‌ನಲ್ಲಿ ಎಷ್ಟೇ ಹೆಸರು ಕಂಡರೂ ಮೂಲದಲ್ಲಿ ದಾರಿ ಎರಡೇ, ಅಂಚೆ ಅಥವಾ ಎಕ್ಸ್‌ಪ್ರೆಸ್ ಕೊರಿಯರ್.

ಅಮೆರಿಕದ ಯುಎಸ್‌ಪಿಎಸ್, ಜಪಾನ್ ಪೋಸ್ಟ್, ಇಎಂಎಸ್ (ಅಂಚೆಯವರದೇ ವೇಗದ ಸೇವೆ) ಇವೆಲ್ಲ ಅಂಚೆ. ಇಲ್ಲಿಗೆ ಬಂದ ಮೇಲೆ ಇಂಡಿಯಾ ಪೋಸ್ಟ್‌ನ ಕೈಗೆ ಬಂದು ಫಾರಿನ್ ಪೋಸ್ಟ್ ಆಫೀಸ್‌ನಲ್ಲಿ ಕಸ್ಟಮ್ಸ್ ಆಗುತ್ತದೆ. ಸುಂಕ ಬಿದ್ದರೆ ಬಟವಾಡೆ ಸಮಯದಲ್ಲಿ ಪೋಸ್ಟ್‌ಮ್ಯಾನ್‌ಗೆ ಅಥವಾ ಅಂಚೆ ಕಚೇರಿಯಲ್ಲಿ ಕಟ್ಟಿ ಬಿಡಿಸಿಕೊಳ್ಳುವುದು. 950 ರೂಪಾಯಿಯ ಡಿಸ್ಬರ್ಸ್‌ಮೆಂಟ್ ಅಲ್ಲಿಲ್ಲ. ನಿಧಾನ ನಿಜ, ಟ್ರ್ಯಾಕಿಂಗ್ ದಿನಗಟ್ಟಲೆ ಕಸ್ಟಮ್ಸ್ ಎಂದೇ ನಿಂತಿರುತ್ತದೆ. ಅವಸರವಿಲ್ಲದ, ಒಡೆಯದ, ಸಣ್ಣ ವಸ್ತುವಿಗೆ ಅಂಚೆಯೇ ಲೇಸು. ನಿಮ್ಮ ಫಿಲ್ಟರ್‌ಗೂ ಅಷ್ಟೇ.

ಅಂಗಡಿಯವರು "ಇಂಟರ್‌ನ್ಯಾಷನಲ್ ಎಕಾನಮಿ" ಎಂದಷ್ಟೇ ಬರೆದಿದ್ದರೆ ಕಟ್ಟುವ ಮೊದಲೇ ಟ್ರ್ಯಾಕಿಂಗ್ ನಂಬರಿನ ಮಾದರಿ ಕೇಳಿ. ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ದೇಶದ ಎರಡಕ್ಷರ, ಹೀಗೆ 13 ಇದ್ದರೆ ಅದು ಅಂಚೆ. ಮೊದಲ ಅಕ್ಷರ ಇ ಆದರೆ ಇಎಂಎಸ್, ಆರ್ ಆದರೆ ರಿಜಿಸ್ಟರ್ಡ್, ಸಿ ಆದರೆ ಪಾರ್ಸೆಲ್. ಯು ಇದ್ದರೆ ಟ್ರ್ಯಾಕಿಂಗ್ ಇಲ್ಲದ್ದು, ದುಬಾರಿ ವಸ್ತುವಿಗೆ ಬೇಡ.

ಅಂಚೆಯಲ್ಲಿ ಎಡವುವುದು ಸಾಮಾನ್ಯವಾಗಿ ಪೊಟ್ಟಣದ ಮೇಲಿನ ಕಾಗದದಿಂದ. ಸಿಎನ್ 22 ಅಥವಾ ಸಿಎನ್ 23 ಎಂಬ ಕಸ್ಟಮ್ಸ್ ಘೋಷಣೆ ಫಾರಂನಲ್ಲಿ "ಪಾರ್ಟ್ಸ್" ಎಂದಷ್ಟೇ ಬರೆದಿದ್ದರೆ ಪೊಟ್ಟಣ ಬಿಚ್ಚುತ್ತಾರೆ, ವಿವರ ಕೇಳಿ ಪತ್ರ ಕಳಿಸುತ್ತಾರೆ. ವಸ್ತುವಿನ ಹೆಸರು, ಎಚ್‌ಎಸ್ ಕೋಡ್, ಬೆಲೆ, ನಿಮ್ಮ ಮೊಬೈಲ್ ನಂಬರ್ ಬರೆಸಿ, ಇನ್‌ವಾಯ್ಸ್ ಅನ್ನು ಹೊರಗೆ ಅಂಟಿಸಿದ ಪಾರದರ್ಶಕ ಚೀಲದಲ್ಲಿ ಇಡಿಸಿ.

ಒಂದು ಎಚ್ಚರಿಕೆ: ಸ್ವಂತ ಬಳಕೆಗೆ ತರಿಸುವ ವಸ್ತುಗಳಿಗೆ ಸುಂಕದ ಪಟ್ಟಿಯಲ್ಲಿ 9804 ಎಂಬ ಒಟ್ಟಾರೆ ಶೀರ್ಷಿಕೆ ಇದೆ. ಅದರ ದರ ಬಜೆಟ್‌ಗಳಲ್ಲಿ ಏರಿಳಿದಿದೆ, ಒಂದು ಕಾಲಕ್ಕೆ ಎಲ್ಲ ಸೇರಿ ಶೇ. 42.08, ಇನ್ನೊಂದು ಕಾಲಕ್ಕೆ 77.28 ಇತ್ತು. ಹಳೆಯ ಬ್ಲಾಗ್‌ಗಳ ಅಂಕಿ ನಂಬದೆ ತರಿಸುವ ದಿನದ ದರವನ್ನು ಸಿಬಿಐಸಿ (ಕೇಂದ್ರದ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ) ಜಾಲತಾಣದಲ್ಲಿ ನೋಡಿ. ಪುಸ್ತಕದ ಕತೆ ಬೇರೆ: 2019ರ ಬಜೆಟ್‌ನಲ್ಲಿ ಶೇ. 5 ಮೂಲ ಸುಂಕ ಬಂತು, ಆದರೆ ಮುದ್ರಿತ ಪುಸ್ತಕಕ್ಕೆ ಐಜಿಎಸ್‌ಟಿ ಇಲ್ಲ. ಪುಸ್ತಕಕ್ಕೆ ಶೇ. 18 ಐಜಿಎಸ್‌ಟಿ ಹಾಕಿದ ಬಿಲ್ ಬಂದರೆ ಸುಮ್ಮನೆ ಕಟ್ಟಬೇಡಿ.

ಕಡುಕಾಫಿ:

ಎಕ್ಸ್‌ಪ್ರೆಸ್ಸೇ ಬೇಕಾದರೆ ಡಿಡಿಪಿಯೋ ಡಿಎಪಿಯೋ ಕೇಳಿ. ಡಿಡಿಪಿ ಆದರೆ ಸುಂಕ ಅಂಗಡಿಯವರ ಮೂಲಕ ಮೊದಲೇ ಕಟ್ಟಿದಂತೆ, ಬಾಗಿಲಲ್ಲಿ ಏನೂ ಕೇಳಬಾರದು. ಡಿಎಪಿ ಆದರೆ (ಕೆಲವರು ಈಗಲೂ ಡಿಡಿಯು ಎಂದೇ ಬರೆಯುತ್ತಾರೆ) ಸುಂಕ ನಿಮ್ಮ ತಲೆಗೆ. "ಫ್ರೀ ಶಿಪ್ಪಿಂಗ್" ಎಂದರೆ ಡಿಡಿಪಿ ಅಲ್ಲ. ಕೆಲವು ದೊಡ್ಡ ತಾಣಗಳು "ಇಂಪೋರ್ಟ್ ಫೀಸ್ ಡೆಪಾಸಿಟ್" ಎಂದು ಅಂದಾಜು ಮೊತ್ತ ಹಿಡಿದಿಟ್ಟುಕೊಳ್ಳುತ್ತವೆ.

ಕೆವೈಸಿ ತಡ ಮಾಡಬೇಡಿ. ಗುರುತಿನ ಚೀಟಿಯಲ್ಲಿರುವ ಹೆಸರೇ ಆರ್ಡರ್‌ನಲ್ಲೂ ಇರಬೇಕು. ಮನೆಯಲ್ಲಿ ಕರೆಯುವ ಹೆಸರಲ್ಲಿ ಆರ್ಡರ್ ಮಾಡಿ, ಇನಿಷಿಯಲ್ ಬಿಡಿಸಿ ಬರೆದ ಪ್ಯಾನ್ ಕಳಿಸಿದರೆ ಪಾರ್ಸೆಲ್ ಗೋದಾಮಿನಲ್ಲೇ ಕೂತಿರುತ್ತದೆ, ಬಾಡಿಗೆ ನಿಮ್ಮ ಬಿಲ್‌ಗೆ. ಸ್ವಂತ ಬಳಕೆಗೆ ಐಇಸಿ (ಆಮದು-ರಫ್ತುದಾರರ ನೋಂದಣಿ ಸಂಖ್ಯೆ) ಬೇಕಿಲ್ಲ, ಕೇಳಿದರೆ ಹಾಗೆಂದು ಬರೆದುಕೊಡಿ. ಡ್ರೋನ್ ಮಾತ್ರ ತರಿಸಲು ಹೋಗಬೇಡಿ, 2022ರ ಫೆಬ್ರವರಿಯಿಂದ ಜನಸಾಮಾನ್ಯರಿಗೆ ಅದರ ಆಮದು ನಿಷೇಧ.

ಸುಂಕ ಕಟ್ಟಲು ಮೆಸೇಜ್‌ನಲ್ಲಿ ಲಿಂಕ್ ಬರಬಹುದು. ಅದನ್ನು ಒತ್ತದೆ, ಕೊರಿಯರ್‌ನ ತಾಣವನ್ನು ನೀವೇ ತೆರೆದು ಏರ್‌ವೇ ಬಿಲ್ ನಂಬರ್ ಹಾಕಿ ಮೊತ್ತ ತಾಳೆಯಾಗುತ್ತದಾ ನೋಡಿ. "ವಿಳಾಸ ಅಪೂರ್ಣ, 25 ರೂ. ಕಟ್ಟಿ" ಎಂದು ಇಂಡಿಯಾ ಪೋಸ್ಟ್ ಹೆಸರಲ್ಲಿ ಬರುವ ಮೆಸೇಜ್ ಮೋಸ. ಕಾರ್ಡ್ ವಿವರ ಕೊಟ್ಟುಬಿಟ್ಟಿದ್ದರೆ ತಕ್ಷಣ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಫೋನ್ ಮಾಡಿ.

ಫ್ರಾಂಕ್‌ಫರ್ಟ್_ಕನ್ನಡಿಗ:

ಊರಿಂದ ಸೀರೆ, ಪುಸ್ತಕ ತರಿಸುವ ಯೂರೋಪಿನವರಿಗೆ ಒಂದು ಮಾತು. 22 ಯೂರೋ ಒಳಗೆ ವ್ಯಾಟ್ ಇಲ್ಲ ಎಂಬ ಸವಲತ್ತು 2021ರ ಜುಲೈ 1ಕ್ಕೆ ಮುಗಿಯಿತು. 150 ಯೂರೋವರೆಗೆ ಅಂಗಡಿಯವರು ಐಒಎಸ್‌ಎಸ್ (ಮಾರುವಾಗಲೇ ವ್ಯಾಟ್ ಹಿಡಿಯುವ ಯೂರೋಪಿನ ನೋಂದಣಿ ವ್ಯವಸ್ಥೆ) ಮೂಲಕ ವ್ಯಾಟ್ ಹಿಡಿಯಬಹುದು. ಆದರೆ ಅಂಗಡಿಯವರ ಐಒಎಸ್‌ಎಸ್ ನಂಬರ್ ಕಸ್ಟಮ್ಸ್‌ಗೆ ಎಲೆಕ್ಟ್ರಾನಿಕ್ ಮಾಹಿತಿಯಲ್ಲಿ ಹೋಗಬೇಕು, ಪೊಟ್ಟಣದ ಮೇಲೆ ಬರೆದರೆ ಸಾಲದು. ಹೋಗದಿದ್ದರೆ ಬಾಗಿಲಲ್ಲಿ ಮತ್ತೆ ವ್ಯಾಟ್, ಜೊತೆಗೆ ಅಂಚೆಯವರ ಫೀ. ಅಂಥ ಸಂದರ್ಭದಲ್ಲಿ ಎರಡನೇ ಸಲ ಕಟ್ಟಿದ ರಸೀದಿ ಕಳಿಸಿ ಮೊದಲ ವ್ಯಾಟನ್ನು ಅಂಗಡಿಯಿಂದ ವಾಪಸ್ ಕೇಳುವುದು ಸುಲಭ.

ತಾರಾಬಲ_ಮೈಸೂರು:

ತುಂಬಾ ಧನ್ಯವಾದ. ಕೊನೆಯದು: ಬಿಲ್ ಜಾಸ್ತಿ ಅನಿಸಿದರೆ ಪಾರ್ಸೆಲ್ ಬೇಡ ಅಂದುಬಿಟ್ಟರೆ?

ಸುಂಕದಕಟ್ಟೆ:

ಕ್ಲಿಯರೆನ್ಸ್ ಆದೇಶ ಆಗುವ ಮೊದಲಾದರೆ ಹಕ್ಕು ಬಿಟ್ಟುಕೊಡುತ್ತೇನೆ ಎಂದು ಬರೆದುಕೊಡಬಹುದು, ಕಸ್ಟಮ್ಸ್ ಕಾಯ್ದೆಯ 23ನೇ ಸೆಕ್ಷನ್. ಸುಂಕ ಬರುವುದಿಲ್ಲ, ವಸ್ತುವೂ ಹೋಯಿತು. ನಿಮ್ಮ ವಿಷಯದಲ್ಲಿ ಕೊರಿಯರ್‌ನವರು ಸುಂಕ ಕಟ್ಟಿ ಬಿಡಿಸಿಕೊಂಡಾಗಿದೆ. ಈಗ ಬೇಡವೆಂದರೆ ವಾಪಸ್ ಸಾಗಣೆ, ಸುಂಕ, ಫೀ ಎಲ್ಲವನ್ನೂ ಅಂಗಡಿಯವರ ಮೇಲೆ ಹಾಕುತ್ತಾರೆ, ಅವರು ನಿಮ್ಮ ರಿಫಂಡ್‌ನಲ್ಲಿ ಕಳೆಯುತ್ತಾರೆ. 158 ಡಾಲರ್‌ನಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಕಟ್ಟಿ ತೆಗೆದುಕೊಳ್ಳಿ, ಬಿಲ್ ಆಫ್ ಎಂಟ್ರಿ ಮಾತ್ರ ಮರೆಯದೆ ಕೇಳಿ.