ಮಗಳ ಕಾಲೇಜು ಪಟ್ಟಿ: 16 ಹೆಸರು, ಸೇಫ್ಟಿ ಒಂದೇ. ಹೇಗೆ ಸರಿಮಾಡೋದು? (ಟೆಕ್ಸಸ್, ಎಚ್4, ಸಿಎಸ್)

ಮಲ್ಲಿಗೆಬಳ್ಳಿ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಗಳು ಟೆಕ್ಸಸ್‌ನ ಪಬ್ಲಿಕ್ ಹೈಸ್ಕೂಲಿನಲ್ಲಿ ಈಗಷ್ಟೇ 11ನೇ ಕ್ಲಾಸ್ ಮುಗಿಸಿದ್ದಾಳೆ. ರ್‍ಯಾಂಕ್ ಟಾಪ್ 8%, ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) 1480. ಓದಬೇಕೆಂದಿರುವುದು ಕಂಪ್ಯೂಟರ್ ಸೈನ್ಸ್ (ಸಿಎಸ್). ನಮ್ಮದು ಎಚ್1ಬಿ (ಕೆಲಸದ ವೀಸಾ), ಅವಳದು ಎಚ್4 (ಅವಲಂಬಿತರ ವೀಸಾ, ಮಕ್ಕಳಿಗೆ 21ರವರೆಗೆ ಮಾತ್ರ). ಅವಳಿಗೆ 21 ತುಂಬುವುದರೊಳಗೆ ಗ್ರೀನ್ ಕಾರ್ಡ್ ಬರುವ ಲಕ್ಷಣವಿಲ್ಲ.

ಅವಳ ಪಟ್ಟಿಯಲ್ಲಿ ಎಂಐಟಿ, ಸ್ಟ್ಯಾನ್‌ಫರ್ಡ್, ಕಾರ್ನೆಗಿ ಮೆಲನ್, ಕಾರ್ನೆಲ್, ರೈಸ್ ಸೇರಿದಂತೆ 11 ರೀಚ್ (ಸಿಗುವುದು ಕಷ್ಟವಿರುವ ಕಾಲೇಜು) ಇವೆ. ಯುಟಿ (ಯೂನಿವರ್ಸಿಟಿ ಆಫ್ ಟೆಕ್ಸಸ್) ಆಸ್ಟಿನ್, ಪರ್ಡ್ಯೂ, ಇಲಿನಾಯ್ (ಅರ್ಬಾನಾ-ಷಾಂಪೇನ್), ಯೂನಿವರ್ಸಿಟಿ ಆಫ್ ವಾಷಿಂಗ್ಟನ್, ಈ ನಾಲ್ಕು ಟಾರ್ಗೆಟ್ (ಸಿಗುವ ಸಾಧ್ಯತೆ ಚೆನ್ನಾಗಿರುವವು) ಅಂತೆ. ಸೇಫ್ಟಿ (ಬಹುತೇಕ ಖಚಿತವಾಗಿ ಸಿಗುವುದು) ಒಂದೇ, ಯುಟಿ ಡಲ್ಲಾಸ್. ಅದನ್ನೂ ಒಲ್ಲದ ಮನಸ್ಸಿನಿಂದಲೇ ಸೇರಿಸಿದ್ದಾಳೆ.

ಈ ಪಟ್ಟಿ ಎಲ್ಲಿ ಸರಿ, ಎಲ್ಲಿ ತಪ್ಪು? ಎಚ್4 ಆಗಿರುವುದರಿಂದ ಏನೇನು ಬದಲಾಗುತ್ತದೆ? ಅವಳ ಜತೆ ಜಗಳವಿಲ್ಲದೆ ಇದನ್ನು ತಿದ್ದುವುದು ಹೇಗೆ?

ಹೊಂಗೆನೆರಳು

ಟಾರ್ಗೆಟ್ ಎಂದು ಬರೆದಿರುವ ನಾಲ್ಕೂ ಸಿಎಸ್‌ಗೆ ರೀಚ್‌ಗಳೇ. ಅಂದರೆ ನಿಮ್ಮ ಪಟ್ಟಿಯಲ್ಲಿ 15 ರೀಚ್, 1 ಸೇಫ್ಟಿ ಇವೆ, ನಡುವೆ ಏನೂ ಇಲ್ಲ.

ಎಡವುವುದು ಎಲ್ಲಿ ಎಂದರೆ, ಮಕ್ಕಳು ನೋಡುವುದು ಇಡೀ ವಿಶ್ವವಿದ್ಯಾಲಯದ ಪ್ರವೇಶ ಪ್ರಮಾಣವನ್ನು. ಇಲಿನಾಯ್, ಪರ್ಡ್ಯೂ, ವಾಷಿಂಗ್ಟನ್ ಮೂರೂ ಒಟ್ಟಾರೆಯಾಗಿ ನೋಡಿದರೆ ಉದಾರ. ಸಿಎಸ್ ಮಾತ್ರ ಹಾಗಲ್ಲ. ವಾಷಿಂಗ್ಟನ್‌ನಲ್ಲಿ ಹೈಸ್ಕೂಲಿನಿಂದಲೇ ನೇರವಾಗಿ ಸಿಎಸ್‌ಗೆ ಪ್ರವೇಶ ಕೊಡುತ್ತಾರೆ, ಅದರಲ್ಲೂ ಹೊರರಾಜ್ಯದವರಿಗೆ ಸಿಗುವ ಸೀಟು ತೀರಾ ಕಡಿಮೆ. "ಮೊದಲು ಬೇರೆ ಮೇಜರ್‌ನಲ್ಲಿ (ಮುಖ್ಯ ವಿಷಯದಲ್ಲಿ) ಒಳಗೆ ಹೋಗಿ ಆಮೇಲೆ ಸಿಎಸ್‌ಗೆ ಬದಲಾಯಿಸಿಕೊಳ್ಳೋಣ" ಎನ್ನುವ ಉಪಾಯ ಈ ಮೂರು ಕಡೆಯೂ ನೆಚ್ಚುವಂಥದ್ದಲ್ಲ. ಹಾಗಾಗಿ ಪಟ್ಟಿಯ ಪ್ರತಿ ಹೆಸರಿನ ಮುಂದೆ ಮೂರು ವಿಷಯ ಬರೆದುಕೊಳ್ಳಲಿ: ಪ್ರವೇಶ ಮೇಜರ್‌ಗೋ ವಿಶ್ವವಿದ್ಯಾಲಯಕ್ಕೋ, ಒಳಗಿಂದ ಬದಲಾಯಿಸಲು ಬೇಕಾದ ಜಿಪಿಎ (ಸರಾಸರಿ ಗ್ರೇಡ್) ಎಷ್ಟು, ಆ ಜಿಪಿಎ ಇದ್ದರೆ ಸೀಟು ಖಚಿತವೋ ಅಥವಾ ಅದು ಬರೀ ಅರ್ಜಿ ಹಾಕುವ ಅರ್ಹತೆಯೋ. ಮೂರನೆಯದೇ ಮುಖ್ಯ, ಆದರೆ ಹೆಚ್ಚಿನವರು ಓದದೆ ಬಿಡುವುದೂ ಅದನ್ನೇ.

ಇನ್ನು ಯುಟಿ ಆಸ್ಟಿನ್. 2026ರ ಫಾಲ್ ಪ್ರವೇಶದಿಂದ ಅಲ್ಲಿ ಆಟೋ ಅಡ್ಮಿಟ್ (ಶಾಲೆಯ ರ್‍ಯಾಂಕಿನ ಮೇಲೆ ತಾನಾಗಿ ಸಿಗುವ ಪ್ರವೇಶ) ಟಾಪ್ 5%ಗೆ ಇಳಿದಿದೆ, ಮೊದಲು 6% ಇತ್ತು. ಟೆಕ್ಸಸ್ ನಿವಾಸಿಗಳಿಗೆಂದು ಇರುವ ಸೀಟುಗಳಲ್ಲಿ ಶೇ 75ರಷ್ಟು ಈ ದಾರಿಯಲ್ಲೇ ತುಂಬುತ್ತವೆ. 8%ನಲ್ಲಿರುವ ನಿಮ್ಮ ಮಗಳು ಉಳಿದ ಕಾಲು ಭಾಗಕ್ಕೆ ಪೈಪೋಟಿ ಮಾಡಬೇಕು. 5%ರ ಒಳಗಿದ್ದರೂ ಖಚಿತವಾಗುವುದು ವಿಶ್ವವಿದ್ಯಾಲಯ ಮಾತ್ರ, ಸಿಎಸ್ ಅಲ್ಲ.

ಆದರೆ ಅದೇ 8% ಬೇರೆ ಕಡೆ ನಿಮಗೆ ದೊಡ್ಡ ಬಲ. ಟೆಕ್ಸಸ್‌ನ ಉಳಿದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಟಾಪ್ 10%ಗೆ ಪ್ರವೇಶ ಖಚಿತ. ಅದಕ್ಕೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿಯಲ್ಲಿ) ಡಿಸ್ಟಿಂಗ್ವಿಷ್ಡ್ ಲೆವೆಲ್ ಆಫ್ ಅಚೀವ್‌ಮೆಂಟ್ (ಟೆಕ್ಸಸ್ ಹೈಸ್ಕೂಲ್ ಡಿಪ್ಲೊಮಾದ ಮೇಲಿನ ಹಂತ) ಇರಬೇಕು. ಇದೆಯೇ ಎಂದು ಈಗಲೇ ಕೌನ್ಸೆಲರ್ ಬಳಿ ಖಾತ್ರಿ ಮಾಡಿಕೊಳ್ಳಿ, ಆಲ್ಜೀಬ್ರಾ 2 ತಪ್ಪಿಸಿದ ಮಕ್ಕಳಿಗೆ ಅದು ಸಿಗುವುದಿಲ್ಲ. ಟೆಕ್ಸಸ್ ಎ ಆ್ಯಂಡ್ ಎಂ ನಿಮ್ಮ ಪಟ್ಟಿಯಲ್ಲೇ ಇಲ್ಲ. ಅಲ್ಲಿ ಮೊದಲ ವರ್ಷ ಜನರಲ್ ಎಂಜಿನಿಯರಿಂಗ್, ಆ ವರ್ಷದ ಜಿಪಿಎ ನೋಡಿ ವಿಭಾಗ ಹಂಚುತ್ತಾರೆ. ವಿಶ್ವವಿದ್ಯಾಲಯಕ್ಕೆ ಆಟೋ ಅಡ್ಮಿಟ್ ಆದ ಮಾತ್ರಕ್ಕೆ ಎಂಜಿನಿಯರಿಂಗ್ ಸೀಟು ಸಿಗದು, ಆದ್ದರಿಂದ ಅದನ್ನು ಟಾರ್ಗೆಟ್ ಎಂದೇ ಇಟ್ಟುಕೊಳ್ಳಿ. ಹೊರರಾಜ್ಯದಲ್ಲಿ ಮಿನ್ನೆಸೋಟ, ವರ್ಜೀನಿಯಾ ಟೆಕ್ ನೋಡಬಹುದು. ಅರಿಜೋನಾ ಸ್ಟೇಟ್ ತನ್ನ ಖಚಿತ ಪ್ರವೇಶದ ಅಂಕಗಳನ್ನು ಬಹಿರಂಗವಾಗಿ ಹಾಕುತ್ತದೆ, ಎಂಜಿನಿಯರಿಂಗ್ ಶಾಲೆಗೆ ಪ್ರತ್ಯೇಕ ಮಟ್ಟವಿದೆ, ಅದನ್ನೂ ಓದಿ.

ಸೇಫ್ಟಿಗೆ ನಾನು ಇಡುವ ಪರೀಕ್ಷೆ ನಾಲ್ಕು: ಪ್ರವೇಶ ಬಹುತೇಕ ಖಚಿತ, ಬೇಕಾದ ಮೇಜರ್ ಖಚಿತ, ಸ್ಕಾಲರ್‌ಶಿಪ್ ಬಾರದಿದ್ದರೂ ಮನೆಯಿಂದ ಕಟ್ಟಬಹುದಾದ ಫೀಸು, ಮಗು ಅಲ್ಲಿಗೆ ಹೋಗಲು ಸಿದ್ಧ. ಒಂದು ತಪ್ಪಿದರೂ ಅದು ಸೇಫ್ಟಿಯಲ್ಲ. ಯುಟಿ ಡಲ್ಲಾಸ್ ವಿಷಯದಲ್ಲಿ ಎರಡನೆಯದನ್ನು ಪ್ರವೇಶ ಕಚೇರಿಗೆ ಇಮೇಲ್ ಮಾಡಿ ಬರಹದಲ್ಲೇ ಪಡೆಯಿರಿ. ನಾಲ್ಕನೆಯದರಲ್ಲಿ ನೀವೇ ಹೇಳಿದ ಹಾಗೆ ಅದು ಈಗ ಫೇಲ್.

ತುಂಗಾತೀರ

ವೀಸಾ ಮತ್ತು ದುಡ್ಡಿನ ಬಗ್ಗೆ ಬರೆಯುತ್ತೇನೆ. ನಿಮ್ಮ ಪಟ್ಟಿಯನ್ನು ರ್‍ಯಾಂಕಿಗಿಂತ ಹೆಚ್ಚಾಗಿ ಕತ್ತರಿಸಬೇಕಾದ್ದು ಇದೇ.

ಎಚ್4 ಮಕ್ಕಳಿಗೆ ಫೆಡರಲ್ ನೆರವಿಲ್ಲ, ಫಾಫ್ಸಾ (ಫೆಡರಲ್ ನೆರವಿನ ಅರ್ಜಿ) ಉಪಯೋಗಕ್ಕೆ ಬರುವುದಿಲ್ಲ. ಟೆಕ್ಸಸ್‌ನಲ್ಲಿ ಡೊಮಿಸೈಲ್ (ಕಾಯಂ ವಾಸ) ತೋರಿಸಿದರೆ ಎಚ್4ನವರಿಗೂ ಇನ್-ಸ್ಟೇಟ್ (ರಾಜ್ಯದ ನಿವಾಸಿಗಳ) ಫೀಸು ಸಿಗುತ್ತದೆ. ಅರ್ಜಿಯ ಕೋರ್ ರೆಸಿಡೆನ್ಸಿ ಪ್ರಶ್ನೆಗಳಿಗೆ ಉತ್ತರಿಸುವಾಗ ಮಗಳೊಬ್ಬಳನ್ನೇ ಕೂರಿಸಬೇಡಿ. ಪೋಷಕರ ವೀಸಾ, ಎಷ್ಟು ಕಾಲದಿಂದ ಇದ್ದೀರಿ, ಮನೆ ಬಾಡಿಗೆಯೋ ಸ್ವಂತದ್ದೋ ಎಲ್ಲ ಕೇಳುತ್ತಾರೆ. ಅಲ್ಲಿ ತಪ್ಪಾದರೆ ಹೊರರಾಜ್ಯದ ಫೀಸಿನ ಬಿಲ್ ಬರುತ್ತದೆ, ತಿದ್ದಿಸಲು ತಿಂಗಳುಗಟ್ಟಲೆ ಓಡಾಟ.

ಖಾಸಗಿ ಕಾಲೇಜುಗಳಲ್ಲಿ ಹಲವು ಎಚ್4 ಮಕ್ಕಳನ್ನು ಇಂಟರ್‌ನ್ಯಾಷನಲ್ ಲೆಕ್ಕಕ್ಕೆ ಹಾಕುತ್ತವೆ. ಪ್ರತಿ ಕಾಲೇಜಿಗೂ ಎರಡು ಸಾಲಿನ ಇಮೇಲ್ ಬರೆಯಿರಿ: "ಅಮೆರಿಕದ ಹೈಸ್ಕೂಲಿನಲ್ಲಿ ಓದಿದ ಎಚ್4 ವಿದ್ಯಾರ್ಥಿಯ ಅರ್ಜಿಯನ್ನು ಯಾವ ಗುಂಪಿನಲ್ಲಿ ಓದುತ್ತೀರಿ? ನೆರವು ಕೇಳಿದರೆ ಅದು ಪ್ರವೇಶದ ತೀರ್ಮಾನದ ಮೇಲೆ ಪರಿಣಾಮ ಬೀರುತ್ತದೆಯೇ?" ಎಂಐಟಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆಮ್ಹರ್ಸ್ಟ್, ಡಾರ್ಟ್‌ಮತ್, ಬೌಡನ್‌ಗಳಲ್ಲಿ ಇಂಟರ್‌ನ್ಯಾಷನಲ್ ಮಕ್ಕಳಿಗೂ ನೀಡ್-ಬ್ಲೈಂಡ್, ಅಂದರೆ ನೆರವು ಕೇಳಿದ್ದು ಪ್ರವೇಶದ ತೀರ್ಮಾನಕ್ಕೆ ಲೆಕ್ಕವಿಲ್ಲ. ಸ್ಟ್ಯಾನ್‌ಫರ್ಡ್, ಕಾರ್ನೆಲ್ ಹಾಗಲ್ಲ, ಅಲ್ಲಿ ನೆರವು ಕೇಳಿದ್ದೂ ತೂಕಕ್ಕೆ ಬರುತ್ತದೆ. ನೆರವಿಲ್ಲದೆ ಹೋಗಲಾಗದು, ನೆರವು ಕೇಳಿದರೆ ಅವಕಾಶ ಕುಗ್ಗುತ್ತದೆ ಎನ್ನುವ ಕಾಲೇಜುಗಳನ್ನು ಅರ್ಜಿಗೆ ಮೊದಲೇ ತೆಗೆದುಹಾಕಿ.

ಪ್ರತಿ ಕಾಲೇಜಿನ ಜಾಲತಾಣದಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ. ಆದರೆ ಅದು ಲೆಕ್ಕ ಹಾಕುವುದು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ. ಅದರಲ್ಲಿ ಬಂದ ಅಂಕಿಯಲ್ಲಿ ಫೆಡರಲ್ ಗ್ರ್ಯಾಂಟ್, ಲೋನ್ ಸೇರಿದ್ದರೆ ನೀವು ಅದನ್ನು ಬಿಟ್ಟು ಓದಬೇಕು.

ಇನ್ನೊಂದು ವಿಷಯ ಮನೆಗಳಲ್ಲಿ ಚರ್ಚೆಗೇ ಬರುವುದಿಲ್ಲ. ಎಚ್4 ಮೇಲಿರುವ ಮಗು ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. ಸಿಎಸ್‌ನಲ್ಲಿ ಎರಡನೇ ಬೇಸಿಗೆಯ ಇಂಟರ್ನ್‌ಶಿಪ್ಪೇ ಮುಂದಿನ ಕೆಲಸಕ್ಕೆ ಬಾಗಿಲು. ಎಫ್1 (ವಿದ್ಯಾರ್ಥಿ ವೀಸಾ) ಆದರೆ, ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷದ ನಂತರ ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ) ಮೂಲಕ ಅದು ಸಾಧ್ಯ. ಡಿಗ್ರಿ ನಂತರ 12 ತಿಂಗಳ ಒಪಿಟಿ (ಓದಿಗೆ ಸಂಬಂಧಿಸಿದ ಕೆಲಸದ ಅನುಮತಿ), ಸಿಎಸ್ ಸ್ಟೆಮ್ (ವಿಜ್ಞಾನ-ತಂತ್ರಜ್ಞಾನ ವಿಷಯ) ಆದ್ದರಿಂದ ಇನ್ನೂ 24 ತಿಂಗಳು. 21ಕ್ಕೆ ಹೇಗೂ ಬದಲಾಯಿಸಲೇಬೇಕು, ಇನ್ನೂ ಮುಂಚೆಯೇ ಬದಲಾಯಿಸುವುದು ಲಾಭವೇ ಎಂದು ವಲಸೆ ವಕೀಲರನ್ನು ಕೇಳಿ. ಎಫ್1 ಆದ ಮೇಲೆ ಇನ್-ಸ್ಟೇಟ್ ಫೀಸು ಉಳಿಯುತ್ತದೆಯೇ ಎಂದು ರಿಜಿಸ್ಟ್ರಾರ್ ಕಚೇರಿಯಿಂದಲೂ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಉಳಿಯದಿದ್ದರೆ ನಾಲ್ಕು ವರ್ಷದ ಲೆಕ್ಕವೇ ಬೇರೆ.

ಅಂಕಿಅಂಶ_ಓದುಗ

ಹೊಂಗೆನೆರಳು ಹೇಳಿದ್ದಕ್ಕೆ ಪೂರಕವಾಗಿ, ಇದನ್ನೆಲ್ಲ ಎಲ್ಲಿ ಹುಡುಕುವುದು ಎಂದು ಹೇಳುತ್ತೇನೆ. ಕಾಲೇಜಿನ ಹೆಸರಿನ ಜತೆ "ಕಾಮನ್ ಡೇಟಾ ಸೆಟ್" ಎಂದು ಹುಡುಕಿ, ಬಹುತೇಕ ಕಾಲೇಜುಗಳು ಪ್ರತಿ ವರ್ಷ ಹಾಕುತ್ತವೆ. ಅದರ ಸಿ1 ವಿಭಾಗದಲ್ಲಿ ಅರ್ಜಿ ಮತ್ತು ಪ್ರವೇಶದ ಸಂಖ್ಯೆ. ಸಿ7ರಲ್ಲಿ ಯಾವುದಕ್ಕೆ ಎಷ್ಟು ಮಹತ್ವ, ಉದಾಹರಣೆಗೆ ವಿದ್ಯಾರ್ಥಿ ತೋರಿಸುವ ಆಸಕ್ತಿಯನ್ನು ಗಮನಿಸುತ್ತಾರೋ ಇಲ್ಲವೋ. ಗಮನಿಸುವ ಕಡೆ ಮಾಹಿತಿ ಸಭೆಗಳಿಗೆ ಹೆಸರು ನೋಂದಾಯಿಸಿ ಹಾಜರಾಗುವುದು ಕೆಲಸಕ್ಕೆ ಬರುತ್ತದೆ, ಗಮನಿಸದ ಕಡೆ ಅದು ವ್ಯರ್ಥ. ಸಿ9ರಲ್ಲಿ ಎಸ್‌ಎಟಿಯ 25 ಮತ್ತು 75ನೇ ಪರ್ಸೆಂಟೈಲ್.

ಸಿ9 ಓದುವಾಗ ಒಂದು ಎಚ್ಚರಿಕೆ. ಟೆಸ್ಟ್-ಆಪ್ಷನಲ್ (ಎಸ್‌ಎಟಿ ಅಂಕ ಕಡ್ಡಾಯವಲ್ಲದ) ಕಾಲೇಜಿನಲ್ಲಿ ಅಲ್ಲಿರುವುದು ಅಂಕ ಕಳಿಸಿದವರದ್ದು ಮಾತ್ರ, ಕಳಿಸಿದವರು ಎಷ್ಟು ಶೇಕಡಾ ಎಂಬುದೂ ಅಲ್ಲೇ ಇರುತ್ತದೆ. ಅರ್ಧಕ್ಕಿಂತ ಕಡಿಮೆ ಜನ ಕಳಿಸಿದ್ದರೆ ಆ ಅಂಕಗಳು ಉಬ್ಬಿರುತ್ತವೆ. ಎಂಐಟಿ, ಯುಟಿ ಆಸ್ಟಿನ್‌ಗಳಲ್ಲಿ ಟೆಸ್ಟ್ ಮತ್ತೆ ಕಡ್ಡಾಯವಾಗಿದೆ, ಆದ್ದರಿಂದ ಅಲ್ಲಿ ಈ ಗೊಂದಲವಿಲ್ಲ. 1480 ಒಳ್ಳೆಯ ಅಂಕವೇ, ಆದರೆ ಈ ಪಟ್ಟಿಯ ಖಾಸಗಿ ರೀಚ್‌ಗಳಲ್ಲಿ ಅದು 25ನೇ ಪರ್ಸೆಂಟೈಲ್‌ನ ಆಸುಪಾಸಿನಲ್ಲೋ ಕೆಳಗೋ ಬೀಳುತ್ತದೆ. ಆಗಸ್ಟ್‌ನಲ್ಲಿ ಇನ್ನೊಮ್ಮೆ ಬರೆಯಲು ಸಮಯವಿದೆ.

"11 ರೀಚ್ ಹಾಕಿದರೆ ಒಂದಾದರೂ ಬರುತ್ತೆ" ಎನ್ನುವ ಲೆಕ್ಕಕ್ಕೂ ಉತ್ತರ ಹೇಳಿಬಿಡುತ್ತೇನೆ. ತಲಾ 5% ಅವಕಾಶ ಎಂದುಕೊಂಡರೆ, ಒಂದಾದರೂ ಸಿಗುವ ಸಂಭವ ಕಾಗದದ ಮೇಲೆ ಸುಮಾರು 43%. ಇದು ನಿಜವಾಗಬೇಕಾದರೆ ಹನ್ನೊಂದು ತೀರ್ಮಾನಗಳೂ ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆಯಬೇಕು. ಹಾಗೆ ನಡೆಯುವುದಿಲ್ಲ. ಎಲ್ಲ ಕಡೆ ಓದುವುದು ಅದೇ ಟ್ರಾನ್ಸ್‌ಕ್ರಿಪ್ಟ್, ಅದೇ ಮುಖ್ಯ ಪ್ರಬಂಧ, ಅದೇ ಶಿಫಾರಸು ಪತ್ರ. ಒಂದು ಕಡೆ ಸಾಲದ್ದು ಇನ್ನೊಂದು ಕಡೆಯೂ ಸಾಲದೆ ಹೋಗುವುದೇ ಹೆಚ್ಚು.

ಅರ್ಲಿ ಡಿಸಿಷನ್ ಬಗ್ಗೆ: ಅದು ಸಿಕ್ಕರೆ ಅಲ್ಲಿಗೇ ಸೇರುವ ಕಟ್ಟುಪಾಡಿನ ಒಪ್ಪಂದ, ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಹಾಕುತ್ತೀರಿ. ಅದರ ಪ್ರವೇಶ ಪ್ರಮಾಣ ಹೆಚ್ಚಾಗಿ ಕಾಣುವುದರಲ್ಲಿ ಕ್ರೀಡಾಪಟುಗಳದ್ದೂ ಪಾಲಿದೆ, ಆ ಪೂರ್ತಿ ಲಾಭ ನಿಮ್ಮ ಮಗಳದಲ್ಲ. ಬೇರೆ ಕಾಲೇಜಿನ ಆಫರ್ ಜತೆ ಹೋಲಿಸುವ ಅವಕಾಶವೂ ಹೋಗುತ್ತದೆ. ಪೂರ್ತಿ ಫೀಸು ಕಟ್ಟಲು ಮನೆ ಸಿದ್ಧವಿದ್ದರೆ ಮಾತ್ರ ಹಾಕಿ. ಪರ್ಡ್ಯೂ, ಇಲಿನಾಯ್‌ಗಳ ನವೆಂಬರ್ 1ರ ಅರ್ಲಿ ಆ್ಯಕ್ಷನ್‌ಗೆ ಈ ಕಟ್ಟು ಇಲ್ಲ. ಯುಟಿ ಆಸ್ಟಿನ್‌ಗೆ ಅಕ್ಟೋಬರ್ 15. ಈ ಮೂರಕ್ಕೂ ಮುಂಚಿನ ಗಡುವಿನಲ್ಲೇ ಹಾಕುವುದು ಒಳ್ಳೆಯದು.

ಮಲ್ಲಿಗೆಬಳ್ಳಿ

ಎಲ್ಲರಿಗೂ ಧನ್ಯವಾದ. ಇಮೇಲ್‌ಗಳನ್ನು ಈ ವಾರವೇ ಕಳಿಸುತ್ತೇವೆ. ಉಳಿದದ್ದು ಕಡೆಯ ಪ್ರಶ್ನೆ. ಸೇಫ್ಟಿ ಎಂದ ಕೂಡಲೇ "ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲ" ಎನ್ನುತ್ತಾಳೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಕಣಗಿಲೆ

ಅವಳು ಹಾಗೆ ಅನ್ನುವುದಕ್ಕೆ ಕಾರಣವಿದೆ. ಈ ಚರ್ಚೆ ಸಾಮಾನ್ಯವಾಗಿ ಶುರುವಾಗುವುದೇ ಅವಳ ಪಟ್ಟಿಯಿಂದ ಹೆಸರು ಹೊಡೆದುಹಾಕುವ ಮೂಲಕ. ಕ್ರಮ ಬದಲಾಯಿಸಿ ನೋಡಿ.

ಮೊದಲು ನೀವಿಬ್ಬರೂ ಕೂತು ವರ್ಷಕ್ಕೆ ಎಷ್ಟು ಕೊಡಬಲ್ಲಿರಿ ಎಂಬ ಒಂದೇ ಅಂಕಿ ನಿರ್ಧರಿಸಿ, ಅದನ್ನು ಅವಳಿಗೆ ನೇರವಾಗಿ ಹೇಳಿ. "ನೋಡೋಣ", "ಹೇಗೋ ಮಾಡೋಣ" ಬೇಡ. ಏಪ್ರಿಲ್‌ನಲ್ಲಿ ಆಫರ್ ಕೈಯಲ್ಲಿದ್ದಾಗ ಇಲ್ಲ ಎನ್ನುವುದಕ್ಕಿಂತ ದೊಡ್ಡ ನೋವು ಇದರಲ್ಲಿ ಇನ್ನೊಂದಿಲ್ಲ. 17 ವರ್ಷದ ಮಗುವಿಗೆ ಅಂಕಿ ಅರ್ಥವಾಗುತ್ತದೆ, ಅನುಮಾನವಷ್ಟೇ ಅರ್ಥವಾಗುವುದಿಲ್ಲ.

ಆಮೇಲೆ ಹುಡುಕುವ ಕೆಲಸ ಅವಳದೇ. ಕಾಲೇಜಿನ ಹೆಸರಿಲ್ಲದೆ ತನಗೇನು ಬೇಕು ಎಂದು ಮೊದಲು ಬರೆಯಲಿ: ತರಗತಿಯ ಗಾತ್ರ, ಊರೋ ಕ್ಯಾಂಪಸ್ಸೋ, ಸಂಶೋಧನೆಗೆ ಮೊದಲ ವರ್ಷದಿಂದಲೇ ಅವಕಾಶ, ಸಿಎಸ್ ಜತೆ ಇನ್ನೊಂದು ವಿಷಯ. ಆ ಪಟ್ಟಿ ಹಿಡಿದು ಖಚಿತ ಪ್ರವೇಶದ ಮೂರು ಕಾಲೇಜುಗಳನ್ನು ಅವಳೇ ಆರಿಸಲಿ. ಯುಟಿ ಡಲ್ಲಾಸ್ ನೀವು ಕೊಟ್ಟ ಹೆಸರಾದರೆ ಅದು ಅವಳ ಪಾಲಿಗೆ ಶಿಕ್ಷೆ, ಅವಳೇ ಹುಡುಕಿದರೆ ಕಾಲೇಜು. ನಾಲ್ಕನೇ ವರ್ಷದ ಸಿಎಸ್ ಕೋರ್ಸ್ ಪಟ್ಟಿ, ಆನರ್ಸ್ ಕಾಲೇಜಿನ ಪುಟ, ಕರಿಯರ್ ಫೇರ್‌ಗೆ ಬರುವ ಕಂಪನಿಗಳ ಪಟ್ಟಿ, ಈ ಮೂರನ್ನು ರೈಸ್‌ಗೆ ನೋಡಿದಷ್ಟೇ ಗಮನವಿಟ್ಟು ನೋಡಲಿ. ಸೆಮಿಸ್ಟರ್ ನಡೆಯುವಾಗ ಒಂದು ದಿನ ಹೋಗಿ ಒಂದು ಸಿಎಸ್ ತರಗತಿಯಲ್ಲಿ ಕೂತು ಬರಲಿ. ಬೇಸಿಗೆಯ ಖಾಲಿ ಕ್ಯಾಂಪಸ್ ನೋಡಿದರೆ ಏನೂ ತಿಳಿಯುವುದಿಲ್ಲ.

ರೀಚ್‌ಗಳನ್ನು ಕಡಿಮೆ ಮಾಡಲು ವಾದ ಬೇಡ, ಪ್ರಬಂಧಗಳನ್ನು ಎಣಿಸಿದರೆ ಸಾಕು. ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಅರ್ಜಿ) 20 ಕಾಲೇಜು ಸೇರಿಸಬಹುದು ಎನ್ನುವುದು ಮಿತಿಯೇ ಹೊರತು ಗುರಿಯಲ್ಲ. ಮುಖ್ಯ ಪ್ರಬಂಧ 650 ಪದದೊಳಗೆ, ಅದು ಎಲ್ಲಕ್ಕೂ ಒಂದೇ. ಆದರೆ ರೀಚ್‌ಗಳು ಪ್ರತ್ಯೇಕವಾಗಿ ಎರಡರಿಂದ ಐದಾರು ಬರಹ ಕೇಳುತ್ತವೆ. ಆಗಸ್ಟ್ 1ಕ್ಕೆ ಹೊಸ ಅರ್ಜಿ ತೆರೆದಾಗ ಅವಳೇ ಒಂದು ಶೀಟ್‌ನಲ್ಲಿ ಕಾಲೇಜು, ಗಡುವು, ಬರಹಗಳ ಸಂಖ್ಯೆ, ಒಟ್ಟು ಪದ ಬರೆದು ಕೂಡಿಸಲಿ. 16 ಕಾಲೇಜಿಗೆ 40 ಬರಹ ದಾಟಿದರೆ ಆಶ್ಚರ್ಯವಿಲ್ಲ, ಅದೂ ಎಪಿ (ಕಾಲೇಜು ಮಟ್ಟದ) ತರಗತಿಗಳ ನಡುವೆ. ಆಗ ಕೆಟ್ಟುಹೋಗುವುದು ಕೊನೆಯ ಹತ್ತು ಬರಹ. "ಈ ಕಾಲೇಜೇ ಏಕೆ" ಎಂಬುದಕ್ಕೆ ರ್‍ಯಾಂಕಿಂಗ್ ಎತ್ತದೆ 150 ಪದ ಬರೆಯಲಾಗದ ಹೆಸರು ತಾನಾಗಿಯೇ ಬಿದ್ದುಹೋಗುತ್ತದೆ.

ನನ್ನ ಅಂದಾಜಿನಲ್ಲಿ ಅವಳಿಗೆ 10ರಿಂದ 12 ಸಾಕು: ಸೇಫ್ಟಿ 2 ಅಥವಾ 3, ನಿಜವಾದ ಟಾರ್ಗೆಟ್ 4, ಉಳಿದದ್ದು ರೀಚ್. ಆಸ್ಟಿನ್, ಇಲಿನಾಯ್, ಪರ್ಡ್ಯೂಗಳನ್ನು ರೀಚ್ ಎಂದೇ ಎಣಿಸಿ, ವಾಷಿಂಗ್ಟನ್ ಬಿಡಬಹುದು. ಸೇಫ್ಟಿಯ ಅರ್ಜಿ ಎಲ್ಲಕ್ಕಿಂತ ಮೊದಲು ಹೋಗಲಿ. ಅಕ್ಟೋಬರ್‌ನಲ್ಲೋ ನವೆಂಬರ್‌ನಲ್ಲೋ ಒಂದು ಒಪ್ಪಿಗೆ ಪತ್ರ ಕೈಗೆ ಬಂದರೆ ಮಿಕ್ಕ ಪ್ರಬಂಧಗಳ ಧಾಟಿಯೇ ಬೇರೆಯಾಗುತ್ತದೆ.

ಈ ಮಾತುಕತೆಗೆ ವಾರಕ್ಕೊಂದು ದಿನ, ಅರ್ಧ ಗಂಟೆ ಎಂದು ಕಟ್ಟುಮಾಡಿಕೊಳ್ಳಿ. ಊಟದ ಹೊತ್ತಿನಲ್ಲಿ, ಕಾರಿನಲ್ಲಿ, ನೆಂಟರೆದುರು ಎತ್ತಬೇಡಿ. ಇನ್ನು, ಶಿಫಾರಸು ಪತ್ರಕ್ಕೆ ಇಬ್ಬರು ಶಿಕ್ಷಕರನ್ನು ಶಾಲೆ ತೆರೆದ ಮೊದಲ ವಾರವೇ ಅವಳು ಕೇಳಲಿ. ಅಕ್ಟೋಬರ್ 15ರ ಗಡುವಿಗೆ ಸೆಪ್ಟೆಂಬರ್ ಕೊನೆಯಲ್ಲಿ ಕೇಳಿದರೆ ಅವರ ಮುಂದೆ ಆಗಲೇ ಮೂವತ್ತು ಮಕ್ಕಳ ಸರದಿ ಇರುತ್ತದೆ.