ಸಹಾಯ ಬೇಕು: ರೀಫ್ ಟ್ಯಾಂಕ್‌ನಲ್ಲಿ ಹಸಿರು ಪಾಚಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮನೆಯಲ್ಲಿ 200 ಲೀಟರ್‌ನ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಇದೆ. ಕಲ್ಲಿನ ಮೇಲೆಲ್ಲ ಕೂದಲಿನಂಥ ಪಾಚಿ ಹಬ್ಬಿದೆ. ಬ್ರಷ್‌ನಲ್ಲಿ ಉಜ್ಜಿ ತೆಗೆದರೂ ಮತ್ತೆ ಬರುತ್ತದೆ.

ನೀರಿನ ಪರೀಕ್ಷೆಯ ಲೆಕ್ಕ: ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಆಲ್ಕಲಿನಿಟಿ (ಕ್ಷಾರೀಯತೆ) 8.3 ಡಿಕೆಎಚ್, ಪಿಪಿಎಂ ಲೆಕ್ಕದಲ್ಲಿ ಕ್ಯಾಲ್ಸಿಯಂ 420, ಮೆಗ್ನೀಸಿಯಂ 1320, ನೈಟ್ರೇಟ್ 20. ಪಾಚಿಗೆ ಆಹಾರವಾಗುವ ಫಾಸ್ಫೇಟ್ ಮಾತ್ರ 0.03 ತೋರಿಸುತ್ತದೆ. ಇದನ್ನು ನಂಬುವ ಹಾಗಿಲ್ಲ, ಪಾಚಿಯೇ ಹೀರಿಕೊಳ್ಳುತ್ತಿರಬೇಕು ಅಲ್ವಾ? ಬೋರ್‌ವೆಲ್ ನೀರು, ಆರ್‌ಓ ಆದ ಮೇಲೂ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) 15 ಇದೆ. ಉಳಿದ ಲವಣ ತೆಗೆಯುವ ಡಿಐ ರೆಸಿನ್ ಹಾಕಿಸಿದರೆ ಸಾಕೇ?

ಅಂಗಡಿಯವರು ಜಿಎಫ್‌ಓ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ಹಾಕಿ ಅಂತಾರೆ. ಫಾಸ್ಫೇಟ್ ಪೂರ್ತಿ ಸೊನ್ನೆಯಾದರೆ ಡೈನೋ (ಡೈನೋಫ್ಲಾಜೆಲೇಟ್ ಎಂಬ ಲೋಳೆಯಂಥ ಸೂಕ್ಷ್ಮಜೀವಿ) ಕಾಟ ಶುರುವಾಗುತ್ತದೇನೋ, ಅದೇ ಭಯ. ಅದರ ಬದಲು ಸಂಪ್‌ನಲ್ಲಿ (ಟ್ಯಾಂಕ್‌ಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಪೋಷಕಾಂಶ ಹೀರುವ ಕೀಟೊಮಾರ್ಫಾ ಪಾಚಿ ಬೆಳೆಸುವುದು ವಾಸಿಯೇ? ಅದಕ್ಕೆ ದೀಪ ಎಷ್ಟು ಹೊತ್ತು ಹಾಕಬೇಕು? ಟರ್ಬೋ ಬಸವನಹುಳು ಇಷ್ಟು ಉದ್ದದ ಪಾಚಿ ತಿನ್ನುತ್ತವೆಯೇ? ಪಾಚಿ ಕೊಲ್ಲುವ ಮದ್ದು ಮಾತ್ರ ಬೇಡ, ಟ್ಯಾಂಕ್‌ನಲ್ಲಿ ಹ್ಯಾಮರ್ ಕೋರಲ್ (ಒಂದು ಬಗೆಯ ಹವಳ) ಇದೆ.