ಮೊದಲು ಹತ್ತು ಕೆ.ಜಿ. ಇಳಿಸಿಕೊಂಡು ಆಮೇಲೆ ಡಾಕ್ಟರ ಹತ್ತಿರ ಹೋಗಲೇ?

ಪ್ರಶ್ನೆ (ಹೆಸರು ಹಾಕಬೇಡಿ ಎಂದವರಿಂದ):
ಮೇಡಂ, ನನಗೆ 38 ವರ್ಷ, ಎತ್ತರ 160 ಸೆಂ.ಮೀ., ತೂಕ 94 ಕೆ.ಜಿ. ತೂಕದ ವಿಷಯಕ್ಕೆ ಡಾಕ್ಟರನ್ನ ನೋಡಬೇಕು ಅಂದ್ಕೊಂಡು ವರ್ಷಗಳೇ ಆದವು. ಹೋದ ತಕ್ಷಣ ತೂಕದ ಮಷೀನ್ ಮೇಲೆ ನಿಲ್ಲಿಸ್ತಾರೆ, ನಂಬರ್ ಗಟ್ಟಿಯಾಗಿ ಓದ್ತಾರೆ. ಅದನ್ನ ನೆನೆಸಿಕೊಂಡ್ರೇ ಹೋಗೋಕೆ ಕಾಲು ಬರಲ್ಲ. ನಾನೇ ಒಂದು ಹತ್ತು ಕೆ.ಜಿ. ಇಳಿಸಿಕೊಂಡು, ಸ್ವಲ್ಪ ನೋಡೋ ಹಾಗಾದ ಮೇಲೆ ಹೋಗೋಣ ಅಂತ ಮುಂದೂಡ್ತಾ ಬಂದಿದ್ದೀನಿ. ಇನ್ನೊಂದು ಮಾತು, ಹೇಳೋಕೆ ಸಂಕೋಚ. ಬಿಪಿ, ಶುಗರ್ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಕನ್ನಡಿ ನೋಡಿದ್ರೆ ಅಳು ಬರುತ್ತೆ. ಫೋಟೋ ತೆಗೆಯುವಾಗ ಎಲ್ಲರ ಹಿಂದೆ ಹೋಗಿ ನಿಲ್ತೀನಿ. ಚೆನ್ನಾಗಿ ಕಾಣಬೇಕು ಅನ್ನೋ ಆಸೆಗೆ ಚಿಕಿತ್ಸೆ ಕೇಳೋದು ತಪ್ಪಾ?

ಉತ್ತರ (ಬೊಜ್ಜು ಚಿಕಿತ್ಸಾ ತಂಡದ ಮನಃಶಾಸ್ತ್ರಜ್ಞೆ):
ತಪ್ಪಲ್ಲ. ಈಗ ಹೇಗಿದ್ದೀರೋ ಹಾಗೆಯೇ ಹೋಗಿ, ಈ ವಾರವೇ ಹೋಗಿ.

ನಿಮ್ಮ ಹತ್ತು ಕೆ.ಜಿ. ಲೆಕ್ಕವನ್ನು ಒಮ್ಮೆ ನೋಡೋಣ. 94 ಕೆ.ಜಿ.ಯಲ್ಲಿ ಹತ್ತು ಎಂದರೆ ನಿಮ್ಮ ತೂಕದ ಶೇ. 10ಕ್ಕಿಂತ ಹೆಚ್ಚು. ಶೇ. 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ ಸುಧಾರಿಸುತ್ತವೆ ಎಂದು ನಾವು ಹೇಳುತ್ತೇವೆ. ಅಂದರೆ ಚಿಕಿತ್ಸೆಯಿಂದ ಸಿಗಬೇಕಾದ ಫಲವನ್ನೇ ಚಿಕಿತ್ಸೆಗೆ ಬರಲು ಇರಬೇಕಾದ ಅರ್ಹತೆ ಅಂತ ನೀವು ಮಾಡಿಕೊಂಡಿದ್ದೀರಿ. ಹೀಗೆ ಕಾಯುವವರು ನೀವೊಬ್ಬರೇ ಅಲ್ಲ. 11 ದೇಶಗಳ 14,502 ಬೊಜ್ಜುಳ್ಳವರನ್ನು ಮಾತಾಡಿಸಿದ ಒಂದು ದೊಡ್ಡ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ತೂಕದ ಜತೆ ಒದ್ದಾಡಲು ಶುರುವಾದ ಮೇಲೆ ಮೊದಲ ಬಾರಿ ಡಾಕ್ಟರ ಹತ್ತಿರ ಆ ಮಾತೆತ್ತಲು ಅವರು ತೆಗೆದುಕೊಂಡ ಕಾಲ ಸರಾಸರಿ 6 ವರ್ಷ. ತೂಕ ಇಳಿಸುವುದು ಪೂರ್ತಿ ತಮ್ಮದೇ ಹೊಣೆ ಎಂದುಕೊಂಡವರು ಶೇ. 81. ಈ ಎರಡು ಅಂಕಿಗಳಿಗೂ ನಂಟಿದೆ ಎಂದು ನನ್ನ ಅನಿಸಿಕೆ. ಎಲ್ಲವೂ ನನ್ನ ತಪ್ಪೇ ಎಂದುಕೊಂಡವರು ಸಹಾಯ ಕೇಳಲು ಹೋಗುವುದಿಲ್ಲ, ಮೊದಲು ತಪ್ಪು ತಿದ್ದಿಕೊಳ್ಳಲು ನೋಡುತ್ತಾರೆ.

ತೂಕ ಇಳಿದಾಗ ದೇಹ ಸುಮ್ಮನೆ ಕೂರುವುದಿಲ್ಲ. ಹೊಟ್ಟೆ ತುಂಬಿದ ಸುದ್ದಿ ಕೊಡುವ ಲೆಪ್ಟಿನ್ ಎಂಬ ಹಾರ್ಮೋನ್ ಕಡಿಮೆಯಾಗುತ್ತದೆ, ಹಸಿವು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನ್ ಏರುತ್ತದೆ. ಪಥ್ಯ ಮಾಡಿ ತೂಕ ಇಳಿಸಿದವರಲ್ಲಿ ಒಂದು ವರ್ಷ ಕಳೆದರೂ ಈ ಏರುಪೇರು ಸರಿಹೋಗಿರಲಿಲ್ಲ ಎಂದು ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ತೋರಿಸಿದರು. ಹಿಂದೆ ನೀವು ಇಳಿಸಿದ ತೂಕ ಮತ್ತೆ ಬಂದಿದ್ದರೆ ಅದಕ್ಕೆ ಇದೂ ಕಾರಣ. ದಯವಿಟ್ಟು ಅದನ್ನು ನಿಮ್ಮ ಚಾರಿತ್ರ್ಯದ ಮೇಲೆ ಹಾಕಿಕೊಳ್ಳಬೇಡಿ.

ಈಗ ಕನ್ನಡಿಯ ವಿಷಯ. ನನ್ನ ಮುಂದೆ ಕೂತವರಲ್ಲಿ ಹೆಚ್ಚಿನವರು ಮೊದಲು "ಮಂಡಿ ನೋವು" ಎನ್ನುತ್ತಾರೆ, ಸ್ವಲ್ಪ ಹೊತ್ತಾದ ಮೇಲೆ ಕನ್ನಡಿಯ ಮಾತಿಗೆ ಬರುತ್ತಾರೆ. ಎರಡೂ ನಿಜ. ಡಾಕ್ಟರು ನಿಮ್ಮನ್ನು ಅಲಂಕಾರಕ್ಕೆ ಬಂದವರು ಎಂದುಕೊಳ್ಳುತ್ತಾರೆ ಎಂಬ ಭಯ ಬೇಡ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಅಂಕಿ, ಸುಮಾರು 36.7. ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಬಿಡಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನೂ ಪರಿಗಣಿಸಬಹುದು ಎಂದು ಈ ಕ್ಷೇತ್ರದ ಅಂತಾರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಮಾರ್ಗಸೂಚಿ ಹೊರಡಿಸಿವೆ. ನಿಮಗೆ ಶಸ್ತ್ರಚಿಕಿತ್ಸೆಯೇ ಬೇಕು ಎನ್ನುತ್ತಿಲ್ಲ. ಚಿಕಿತ್ಸೆ ಕೇಳಲು ನಿಮಗೆ ಪೂರ್ತಿ ಹಕ್ಕಿದೆ ಎನ್ನುತ್ತಿದ್ದೇನೆ.

ಆದರೆ ಕನ್ನಡಿಯೊಂದನ್ನೇ ಅಳತೆಗೋಲು ಮಾಡಿಕೊಂಡರೆ ಮುಂದೆ ಕಷ್ಟವಾಗುತ್ತದೆ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದಲ್ಲಿ ಚಿಕಿತ್ಸೆಗೆ ಬಂದ 60 ಮಹಿಳೆಯರನ್ನು, ಎಷ್ಟು ಇಳಿದರೆ ಗುರಿ ಮುಟ್ಟಿದ ಹಾಗೆ, ಎಷ್ಟಾದರೆ ನಿರಾಸೆ ಎಂದು ಕೇಳಿದರು. ಗುರಿ ಸರಾಸರಿ ಶೇ. 32ರಷ್ಟು ಇಳಿಕೆ, 17 ಕೆ.ಜಿ. ಇಳಿದರೆ ನಿರಾಸೆಯೇ ಎಂದರು. 48 ವಾರ ಕಳೆದಾಗ ಸರಾಸರಿ ಇಳಿದಿದ್ದು 16 ಕೆ.ಜಿ. ದೇಹಕ್ಕೆ ಅದು ಎಷ್ಟು ದೊಡ್ಡ ಉಪಕಾರ! ಆದರೂ ಅರ್ಧದಷ್ಟು ಜನ ತಾವೇ ನಿರಾಸೆ ಎಂದು ಬರೆದುಕೊಟ್ಟ ಗೆರೆಯನ್ನೂ ಮುಟ್ಟಿರಲಿಲ್ಲ. ಇಂಥ ಹೊತ್ತಿನಲ್ಲೇ ಜನ ಚಿಕಿತ್ಸೆ ಬಿಟ್ಟುಬಿಡುತ್ತಾರೆ. ಹಾಗಾಗಿ ಚೆನ್ನಾಗಿ ಕಾಣುವ ಆಸೆ ಇರಲಿ, ಅದರ ಪಕ್ಕದಲ್ಲೇ ಮೆಟ್ಟಿಲು ಹತ್ತುವಾಗಿನ ಉಸಿರು, ರಾತ್ರಿಯ ನಿದ್ದೆ, ನೆಲದಿಂದ ಎದ್ದೇಳುವ ಸಲೀಸು, ಇವನ್ನೂ ಬರೆದಿಡಿ. ಇವು ಕನ್ನಡಿಗಿಂತ ಬೇಗ ಬದಲಾಗುತ್ತವೆ.

ಪ್ರತಿಕ್ರಿಯೆ (ಇನ್ನೊಬ್ಬ ಸದಸ್ಯೆ):
ಮೇಡಂ, ಒಂದು ಅನುಮಾನ. ನನ್ನ ದೇಹ ಇರೋ ಹಾಗೇ ಸರಿ ಅಂತ ಒಪ್ಪಿಕೊಂಡುಬಿಟ್ರೆ ಸೋಮಾರಿತನ ಬರಲ್ವಾ? ನನಗಂತೂ ಬೈದುಕೊಂಡ್ರೇ ಛಲ ಬರೋದು.

ಉತ್ತರ:
ಈ ಛಲ ಎಷ್ಟು ದಿನ ನಿಲ್ಲುತ್ತದೆ ಎಂದು ನೀವೇ ಹಿಂತಿರುಗಿ ನೋಡಿ. ಬೈದುಕೊಂಡು ಎದ್ದವರು ಬೆಳಗ್ಗೆ ಊಟ ಬಿಡುತ್ತಾರೆ, ಸಂಜೆ ತಡೆಯಲಾರದೆ ಎರಡರಷ್ಟು ತಿನ್ನುತ್ತಾರೆ, ರಾತ್ರಿ ಮತ್ತೆ ಬೈದುಕೊಳ್ಳುತ್ತಾರೆ. ಈ ಸುತ್ತನ್ನು ನಾನು ದಿನವೂ ಕೇಳುತ್ತೇನೆ.

ಬೇರೆಯವರು ಅವಮಾನಿಸಿದಾಗಲೂ ಕಥೆ ಬೇರೆಯಲ್ಲ. ಅಮೆರಿಕದಲ್ಲಿ 50 ದಾಟಿದ ಆರು ಸಾವಿರಕ್ಕೂ ಹೆಚ್ಚು ಜನರನ್ನು 2006ರಿಂದ 2010ರವರೆಗೆ ಗಮನಿಸಿದರು. ಶುರುವಿನಲ್ಲಿ ಬೊಜ್ಜಿಲ್ಲದವರ ಪೈಕಿ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರಿಗೆ ಆ ನಾಲ್ಕು ವರ್ಷಗಳಲ್ಲಿ ಬೊಜ್ಜು ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತು. ಇದೊಂದರಿಂದಲೇ ಅವಮಾನವೇ ಕಾರಣ ಎಂದು ಸಾಧಿಸಲಾಗದು, ಆದರೆ ಅವಮಾನ ಜನರನ್ನು ತೆಳ್ಳಗೆ ಮಾಡುತ್ತದೆ ಎಂಬ ಮಾತಿಗೆ ಇದರಲ್ಲಿ ಆಧಾರವೇ ಇಲ್ಲ.

ಪೋರ್ಚುಗಲ್‌ನಲ್ಲಿ ಮಹಿಳೆಯರಿಗಾಗಿ ನಡೆದ ಒಂದು ವರ್ಷದ ತೂಕ ಇಳಿಸುವ ಕಾರ್ಯಕ್ರಮ ನನಗೆ ತುಂಬ ಮುಖ್ಯ ಅನಿಸುತ್ತದೆ. ತಮ್ಮ ದೇಹದ ಬಗೆಗಿನ ಕೊರಗು ಕಡಿಮೆಯಾದವರಿಗೆ ತಿನ್ನುವುದರ ಮೇಲಿನ ಹಿಡಿತ ಹೆಚ್ಚು ಸಿಕ್ಕಿತ್ತು. ಒಪ್ಪಿಕೊಳ್ಳುವುದು ಎಂದರೆ ಕೈಚೆಲ್ಲುವುದಲ್ಲ. ಜ್ವರ ಬಂದ ಮಗುವನ್ನು ಬೈದು ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ, ಎತ್ತಿಕೊಂಡು ಹೋಗುತ್ತೇವೆ. ನಿಮ್ಮ ದೇಹವನ್ನೂ ಹಾಗೆ ಕರೆದುಕೊಂಡು ಬನ್ನಿ.

ಪ್ರತಿಕ್ರಿಯೆ (ಸದಸ್ಯರೊಬ್ಬರು):
ನನ್ನದು ಉಲ್ಟಾ ಕೇಸ್. ನನ್ನ ಹೊಟ್ಟೆ ಬಗ್ಗೆ ನನಗೇನೂ ಬೇಜಾರಿಲ್ಲ, ಆರಾಮಾಗಿದ್ದೀನಿ. ಹೆಂಡತಿ ಮಾತ್ರ ಗೊರಕೆ ಜಾಸ್ತಿ ಆಗಿದೆ, ಡಾಕ್ಟರಿಗೆ ತೋರಿಸಿ ಅಂತ ಹಟ ಹಿಡಿದಿದ್ದಾಳೆ. ನನಗೇ ತೊಂದರೆ ಇಲ್ಲ ಅಂದ್ಮೇಲೆ ಹೋಗ್ಲೇಬೇಕಾ?

ಉತ್ತರ:
ಹೋಗಿ ಸರ್. ದೇಹದ ಬಗ್ಗೆ ಬೇಸರವಿಲ್ಲದಿರುವುದು ಒಳ್ಳೆಯದೇ, ಅದನ್ನು ಕಳೆದುಕೊಳ್ಳಬೇಡಿ. ಆದರೆ ಮನಸ್ಸಿನ ನೆಮ್ಮದಿ ಒಳಗಿನ ಆರೋಗ್ಯದ ಲೆಕ್ಕ ಹೇಳುವುದಿಲ್ಲ. ತುಂಬ ಕೊರಗುವವರ ರಕ್ತಪರೀಕ್ಷೆ ಸರಿಯಿರಬಹುದು, ಆರಾಮಾಗಿರುವವರ ಯಕೃತ್ತಿನಲ್ಲಿ ಕೊಬ್ಬು ತುಂಬಿರಬಹುದು. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಬಹುಪಾಲು ಹೆಂಗಸರು. ಗಂಡಸರಲ್ಲಿ ಬೊಜ್ಜು ಇಲ್ಲ ಅಂತಲ್ಲ, ಅವರಲ್ಲಿ ಹಲವರನ್ನು ಕನ್ನಡಿ ಅಷ್ಟಾಗಿ ಕಾಡುವುದಿಲ್ಲ, ಅವರು ತಡವಾಗಿ ಬರಲು ಇದೂ ಒಂದು ಕಾರಣವಿರಬಹುದು.

ಗೊರಕೆಯ ಮಧ್ಯೆ ಉಸಿರು ನಿಂತಂತಾಗುತ್ತದೆಯೇ ಎಂದು ಮನೆಯವರನ್ನೇ ಕೇಳಿ. ಹಗಲು ಕೂತಲ್ಲೇ ತೂಕಡಿಕೆ ಬರುತ್ತಿದ್ದರೆ ಅದು ನಿದ್ರೆಯಲ್ಲಿ ಉಸಿರುಗಟ್ಟುವ ಸ್ಲೀಪ್ ಅಪ್ನಿಯಾ ಇರಬಹುದು. ವಾಹನ ಓಡಿಸುವವರಾದರೆ ಇದನ್ನು ಮುಂದೂಡಲೇಬೇಡಿ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಿದೆಯೇ ಎಂದೂ ಒಂದು ಟೇಪ್ ಹಿಡಿದು ನೋಡಿಕೊಳ್ಳಿ.

ಪ್ರತಿಕ್ರಿಯೆ (ಮತ್ತೊಬ್ಬ ಸದಸ್ಯೆ):
ಶಸ್ತ್ರಚಿಕಿತ್ಸೆ ಆಗಿ 40 ಕೆ.ಜಿ. ಇಳಿದಿದ್ದೀನಿ ಮೇಡಂ. ಎಲ್ಲರೂ ಹೊಗಳ್ತಾರೆ. ನನಗೆ ಮಾತ್ರ ಕನ್ನಡಿಯಲ್ಲಿ ಈಗಲೂ ಹಳೇ ನಾನೇ ಕಾಣ್ತೀನಿ. ಜೊತೆಗೆ ಹೊಟ್ಟೆ, ತೋಳಿನ ಚರ್ಮ ಜೋತುಬಿದ್ದಿದೆ. ಇಷ್ಟೆಲ್ಲ ಆದ ಮೇಲೂ ಖುಷಿ ಇಲ್ಲ ಅಂದ್ರೆ ನನ್ನಲ್ಲೇ ಏನೋ ದೋಷ ಇದೆಯಾ?

ಉತ್ತರ:
ದೋಷವಿಲ್ಲ. ದೇಹ ಬದಲಾದಷ್ಟು ವೇಗವಾಗಿ ಮನಸ್ಸಿನೊಳಗಿನ ದೇಹದ ಚಿತ್ರ ಬದಲಾಗುವುದಿಲ್ಲ. ಖಾಲಿ ಇರುವ ಕುರ್ಚಿ ಸಾಲದೇನೋ ಅನಿಸುವುದು, ಅಂಗಡಿಯಲ್ಲಿ ಕೈ ದೊಡ್ಡ ಅಳತೆಯ ಬಟ್ಟೆಗೇ ಹೋಗುವುದು, ಇವೆಲ್ಲ ತುಂಬ ಸಾಮಾನ್ಯ. ಚಿಕ್ಕ ವಯಸ್ಸಿನಿಂದ ದಪ್ಪಗಿದ್ದು ಚುಚ್ಚುಮಾತು ಕೇಳಿದವರಲ್ಲಿ ಆ ಚಿತ್ರ ಇನ್ನೂ ಆಳವಾಗಿ ಕೂತಿರುತ್ತದೆ. ಈಗಿನ ಅಳತೆಗೆ ಸರಿಯಾದ ಬಟ್ಟೆ ಹಾಕಿಕೊಳ್ಳಿ, ಹಳೆಯವನ್ನು ಕಟ್ಟಿಡಿ. ಕನ್ನಡಿ ಮುಂದೆ ನಿಂತಾಗ ಹೊಟ್ಟೆಯೊಂದನ್ನೇ ದಿಟ್ಟಿಸದೆ ತಲೆಯಿಂದ ಪಾದದವರೆಗೆ ನೋಡುತ್ತ, ಕಂಡದ್ದನ್ನು ತೀರ್ಪು ಕೊಡದೆ ಹೇಳಿಕೊಳ್ಳುವ ಅಭ್ಯಾಸವನ್ನು ಮನಃಶಾಸ್ತ್ರಜ್ಞರ ಜತೆ ಕೂತು ಮಾಡಬಹುದು.

ಜೋತುಬಿದ್ದ ಚರ್ಮ ಕಲ್ಪನೆಯಲ್ಲ, ಅದು ವ್ಯಾಯಾಮದಿಂದ ಪೂರ್ತಿ ಹೋಗುವುದೂ ಇಲ್ಲ. ಮಡಿಕೆಗಳಲ್ಲಿ ತುರಿಕೆ, ಹುಣ್ಣು ಆಗುತ್ತಿದ್ದರೆ ನಿಮ್ಮ ಸರ್ಜನ್‌ಗೆ ತೋರಿಸಿ. ತೂಕ ಒಂದು ಮಟ್ಟದಲ್ಲಿ ನಿಂತ ಮೇಲೆ ಹೆಚ್ಚುವರಿ ಚರ್ಮ ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ನಿಮ್ಮ ರೂಪದ ಯೋಚನೆಯಲ್ಲೇ ದಿನಕ್ಕೆ ಗಂಟೆಗಟ್ಟಲೆ ಹೋಗುತ್ತಿದೆ, ಹೊರಗೆ ಹೋಗುವುದೇ ನಿಂತಿದೆ ಎಂದರೆ ಮಾತ್ರ ತಡಮಾಡದೆ ಬನ್ನಿ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕಾಗುತ್ತದೆ.

ಪ್ರತಿಕ್ರಿಯೆ (ಮೊದಲು ಕೇಳಿದವರು):
ಓದಿ ತುಂಬ ಸಮಾಧಾನ ಆಯ್ತು ಮೇಡಂ. ಫೋನ್ ಮಾಡಿ ಏನು ಹೇಳಲಿ? ಆ ತೂಕದ ಮಷೀನ್ ವಿಷಯ?

ಉತ್ತರ:
"ತೂಕದ ಸಮಸ್ಯೆಗೆ ಡಾಕ್ಟರನ್ನು ನೋಡಬೇಕು, ಸಮಯ ಕೊಡಿ" ಅಂದರೆ ಸಾಕು, ಕಾರಣ ವಿವರಿಸಬೇಕಿಲ್ಲ. ಒಳಗೆ ಹೋದಾಗ "ತೂಕ ನೋಡಿಕೊಳ್ಳಿ, ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ನೋಡಿ, ಅಂಕಿ ಗಟ್ಟಿಯಾಗಿ ಹೇಳಬೇಡಿ" ಎನ್ನಿ. ಮಷೀನ್‌ಗೆ ಬೆನ್ನು ಮಾಡಿ ನಿಲ್ಲುವುದಕ್ಕೂ ಅವಕಾಶ ಕೇಳಬಹುದು. ಹಿಂದೆ ಏನೇನು ಪ್ರಯತ್ನಿಸಿದ್ದೀರಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕೆಲವು ಮಾನಸಿಕ ಕಾಯಿಲೆಯ ಔಷಧಗಳಿಂದ, ಸ್ಟೀರಾಯ್ಡ್‌ಗಳಿಂದಲೂ ತೂಕ ಏರುತ್ತದೆ.

ಕನ್ನಡಿ, ಅಳು, ಫೋಟೋ, ಇಲ್ಲಿ ಬರೆದದ್ದನ್ನು ಅಲ್ಲಿಯೂ ಹೇಳಿ. ಗುಟ್ಟಾಗಿ ತಡೆಯಲಾಗದಷ್ಟು ತಿನ್ನುವುದು, ತಿಂದು ವಾಂತಿ ಮಾಡಿಕೊಳ್ಳುವುದು, ಬದುಕೇ ಬೇಡ ಎನಿಸುವುದು, ಇವುಗಳಲ್ಲಿ ಯಾವುದಿದ್ದರೂ ತೂಕಕ್ಕಿಂತ ಮೊದಲು ಅದನ್ನೇ ಹೇಳಿ. ಆ ಡಾಕ್ಟರು ಮುಖ ಸಿಂಡರಿಸಿ "ಕಡಿಮೆ ತಿನ್ನಿ" ಎಂದಷ್ಟೇ ಹೇಳಿ ಕಳಿಸಿದರೆ ಇನ್ನೊಬ್ಬರನ್ನು ನೋಡಿ. ಹೋಗಿ ಬಂದ ಮೇಲೆ ಏನಾಯಿತೆಂದು ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.